ಬಾಲ ಕಳೆದುಕೊಂಡು ಬಂದ ಬೆಲ್ಲ: ಗಾಯಗೊಂಡ ಲೆಪರ್ಡ್ ಗೆಕ್ಕೊದ ಆರೈಕೆ

ಮನೆಗಳಲ್ಲಿ ಸಾಕುವ ಹಲ್ಲಿ ಜಾತಿಯ ಲೆಪರ್ಡ್ ಗೆಕ್ಕೊಗಳಲ್ಲಿ ಎರಡು ಗಂಡುಗಳನ್ನು ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಸಾಕಬಾರದು. ಮರಿಗಳಾಗಿದ್ದಾಗ ಅವು ಒಂದೇ ಗೂಡಿನಲ್ಲಿ ಒತ್ತಿಕೊಂಡು ಮಲಗಿರುತ್ತವೆ, ನೋಡಿದವರು ಅದನ್ನು ಸ್ನೇಹವೆಂದೇ ತಿಳಿಯುತ್ತಾರೆ. ಪ್ರಾಯಕ್ಕೆ ಬಂದ ಮೇಲೆ ಅವೇ ಒಂದನ್ನೊಂದು ಕಚ್ಚಿ ಕೊಲ್ಲುವ ಮಟ್ಟಕ್ಕೂ ಹೋಗುತ್ತವೆ. ನಮ್ಮ ಮನೆಗೆ ಬಂದ ಬೆಲ್ಲ ಅಂಥದೊಂದು ಕಚ್ಚಾಟದಲ್ಲಿ ಸೋತು ಉಳಿದ ಗಂಡು. ಬಾಲ ಬುಡದ ಹತ್ತಿರವೇ ಕಡಿದುಹೋಗಿತ್ತು, ಬಲಗಡೆಯ ಹಿಂಗಾಲಿನ ಪಾದ ಊದಿಕೊಂಡಿತ್ತು, ಕೆಳದವಡೆಯ ಅಂಚಿನಲ್ಲಿ ಹಲ್ಲು ನಾಟಿದ ಗುರುತುಗಳಿದ್ದವು. ಅದನ್ನು ಸಾಕುತ್ತಿದ್ದ ಸಹೋದ್ಯೋಗಿ ಬೇರೆ ದೇಶಕ್ಕೆ ಹೊರಟು ನಿಂತಿದ್ದರು. ಎರಡೂ ಹೆಣ್ಣೆಂದು ಹೇಳಿ ಮಾರಿದ್ದ ಅಂಗಡಿಯ ಮಾತನ್ನು ಅವರು ನಂಬಿದ್ದರು. ಗೆಲುವು ಪಡೆದ ಇನ್ನೊಂದು ಗೆಕ್ಕೊವನ್ನು ಬೇರೆ ಮನೆಯವರು ಒಯ್ದರು, ಗಾಯಗೊಂಡದ್ದು ನಮ್ಮ ಪಾಲಿಗೆ ಬಂತು. ಹಳದಿ-ಕಂದು ಮೈಬಣ್ಣವನ್ನು ನೋಡಿ ಬೆಲ್ಲ ಎಂದು ಹೆಸರಿಟ್ಟವಳು ನನ್ನ ಮಗಳು.

ಅಂಗಡಿಯವರ ಮಾತನ್ನು ನಂಬುವವರನ್ನು ನಾನು ದೂರುವುದಿಲ್ಲ. ಈ ಪ್ರಾಣಿಗಳ ಲಿಂಗವನ್ನು ನಿರ್ಧರಿಸುವುದು ಮೊಟ್ಟೆ ಕಾವು ಪಡೆಯುವ ಉಷ್ಣಾಂಶ. ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟ ಮೊಟ್ಟೆಗಳಿಂದ ಬಹುತೇಕ ಹೆಣ್ಣು ಮರಿಗಳೂ 32 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟವುಗಳಿಂದ ಹೆಚ್ಚಾಗಿ ಗಂಡು ಮರಿಗಳೂ ಹೊರಬರುತ್ತವೆ, ಅದಕ್ಕಿಂತ ಇನ್ನೂ ಹೆಚ್ಚು ಬಿಸಿಯಾದರೆ ಮತ್ತೆ ಹೆಣ್ಣುಗಳೇ ಜಾಸ್ತಿಯಾಗುತ್ತವೆ. ಹೊರಬಂದ ಮರಿಯನ್ನು ಬರಿಗಣ್ಣಿನಿಂದ ನೋಡಿ ಗಂಡೋ ಹೆಣ್ಣೋ ಎಂದು ಹೇಳುವುದು ಕಷ್ಟ. ಬೆಳೆದ ಮೇಲೆ ಗಂಡಿನ ತೊಡೆಗಳ ನಡುವೆ, ಮಲದ್ವಾರಕ್ಕಿಂತ ಸ್ವಲ್ಪ ಮೇಲೆ, ಓರೆಯಾಗಿ ಎರಡು ಕಡೆಯಿಂದ ಬಂದು ಕೂಡುವ ಸಣ್ಣ ರಂಧ್ರಗಳ ಸಾಲು ಎದ್ದು ಕಾಣುತ್ತದೆ. ಆದ್ದರಿಂದ ಜೋಡಿಯಾಗಿ ಕೊಡುತ್ತೇವೆ ಎನ್ನುವವರಿಂದ ಮರಿಗಳನ್ನು ಕೊಳ್ಳದಿರುವುದು, ಕೊಂಡರೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಡುವುದು ಒಳ್ಳೆಯದು. ಇವು ಒಂಟಿಯಾಗಿ ನೆಮ್ಮದಿಯಿಂದ ಇರಬಲ್ಲ ಜೀವಿಗಳು.

ನಾವಿರುವುದು ಕೆನಡಾದ ಒಂಟಾರಿಯೋ ಪ್ರಾಂತ್ಯದ ವಾಟರ್‌ಲೂನಲ್ಲಿ. ಬೆಲ್ಲ ಬಂದಾಗ ಹೊರಗೆ ಹಿಮ ಬಿದ್ದಿತ್ತು, ಪಶುವೈದ್ಯರ ಬಳಿಗೆ ಒಯ್ಯುವುದೇ ಮೊದಲ ಚಿಂತೆಯಾಯಿತು. ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪೇಪರ್ ಟವೆಲ್ ಹಾಸಿ, ಅದನ್ನು ಊಟದ ಡಬ್ಬಿ ಬಿಸಿಯಾಗಿಡುವ ದಪ್ಪ ಚೀಲದೊಳಗಿಟ್ಟು, ಪಕ್ಕದಲ್ಲಿ ಬೆಚ್ಚಗಿನ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟೆವು. ಕಾರನ್ನು ಮುಂಚೆಯೇ ಚಾಲೂ ಮಾಡಿ ಒಳಗೆಲ್ಲ ಬೆಚ್ಚಗಾದ ಮೇಲೆ ಹೊರಟೆವು. ತನ್ನ ಮೈಯ ಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾರದ ಪ್ರಾಣಿಗೆ ಮನೆಯ ಬಾಗಿಲಿನಿಂದ ಕಾರಿನವರೆಗಿನ ಚಳಿಯೂ ಅಪಾಯವೇ. ನಾಯಿ ಬೆಕ್ಕುಗಳನ್ನು ನೋಡುವ ಎಲ್ಲ ಪಶುವೈದ್ಯರೂ ಸರೀಸೃಪಗಳನ್ನು ನೋಡುವುದಿಲ್ಲ. ಹತ್ತಿರದಲ್ಲಿ ಯಾರು ನೋಡುತ್ತಾರೆ ಎಂಬುದನ್ನು ಪ್ರಾಣಿ ಆರೋಗ್ಯವಾಗಿರುವಾಗಲೇ ವಿಚಾರಿಸಿ ಇಟ್ಟುಕೊಳ್ಳಬೇಕು.

ವೈದ್ಯೆ ಎಕ್ಸ್-ರೇ ತೆಗೆದು ದವಡೆಯ ಮೂಳೆ ಮುರಿದಿಲ್ಲವೆಂದು ಖಚಿತಪಡಿಸಿಕೊಂಡರು. ಪಾದದ ಸೋಂಕೇ ಅವರಿಗೆ ಹೆಚ್ಚು ಗಂಭೀರವಾಗಿ ಕಂಡಿತು. ನಾವು ಭಯಪಟ್ಟಿದ್ದ ಬಾಲದ ಗಾಯವನ್ನು ಅವರು ಹೆಚ್ಚು ಮುಟ್ಟಲೇ ಇಲ್ಲ. ಹೊಲಿಗೆ ಹಾಕುವುದಿಲ್ಲವೇ ಎಂದು ನನ್ನ ಹೆಂಡತಿ ಕೇಳಿದಾಗ, ಹೊಲಿದು ಮುಚ್ಚಿಬಿಟ್ಟರೆ ಹೊಸ ಬಾಲ ಬೆಳೆಯುವುದಕ್ಕೇ ತಡೆಯಾಗುತ್ತದೆ, ತೆರೆದ ಗಾಯವಾಗಿಯೇ ಬಿಡಬೇಕು, ಸುತ್ತಮುತ್ತ ಚೊಕ್ಕಟವಾಗಿದ್ದರೆ ಸಾಕು ಎಂದರು. ಪಾದಕ್ಕೆ ಮೂರು ದಿನಗಳಿಗೊಮ್ಮೆ ಕೊಡಬೇಕಾದ ಆಂಟಿಬಯಾಟಿಕ್ ಚುಚ್ಚುಮದ್ದು, ನೋವಿಗೆ ಬಾಯಿಯ ಮೂಲಕ ಕೊಡುವ ಔಷಧದ ಕೆಲವೇ ಹನಿಗಳು, ಇಷ್ಟೇ ಚಿಕಿತ್ಸೆ. ಮೈಯ ತೂಕ ಐವತ್ತು ಗ್ರಾಂ ಕೂಡ ಇಲ್ಲದ ಪ್ರಾಣಿಗೆ ಪ್ರಮಾಣವನ್ನು ಅಂದಾಜಿನಲ್ಲಿ ಲೆಕ್ಕ ಹಾಕುವಂತಿಲ್ಲ. ಮನುಷ್ಯರ ಮಾತ್ರೆಯನ್ನು ಪುಡಿ ಮಾಡಿ ಕೊಡುವ ಸಲಹೆಯನ್ನು ಎಲ್ಲಿ ಕೇಳಿದರೂ ಅದನ್ನು ಅಲ್ಲಿಗೇ ಬಿಟ್ಟುಬಿಡಿ.

ಚುಚ್ಚುಮದ್ದನ್ನು ಮುಂಗಾಲಿನ ಭಾಗಕ್ಕೇ ಕೊಡಬೇಕೆಂದು ವೈದ್ಯೆ ತೋರಿಸಿಕೊಟ್ಟರು. ಸರೀಸೃಪಗಳಲ್ಲಿ ದೇಹದ ಹಿಂಭಾಗದ ರಕ್ತ ಹೃದಯಕ್ಕೆ ಮರಳುವ ಮೊದಲು ಮೂತ್ರಪಿಂಡಗಳ ಮೂಲಕ ಹಾದುಹೋಗುವ ಒಂದು ದಾರಿ ಇದೆ. ಹಿಂಗಾಲಿಗೆ ಚುಚ್ಚಿದ ಔಷಧ ಮೈಗೆಲ್ಲ ಹರಡುವ ಮುನ್ನವೇ ಅಲ್ಲಿ ಸೋಸಿಹೋಗಬಹುದು, ಕೆಲವು ಔಷಧಗಳಾದರೆ ಮೂತ್ರಪಿಂಡಕ್ಕೇ ಹಾನಿ ಮಾಡಬಹುದು ಎಂಬುದು ಈ ಎಚ್ಚರಿಕೆಯ ಹಿಂದಿನ ಕಾರಣ. ಊದಿಕೊಂಡ ಪಾದದ ಪಕ್ಕದಲ್ಲೇ ಚುಚ್ಚಿದರೆ ಬೇಗ ವಾಸಿಯಾದೀತು ಎಂದು ನಮಗೆ ಸಹಜವಾಗಿ ತೋರುತ್ತದೆ, ಆದರೆ ಈ ಪ್ರಾಣಿಯ ಒಳಗಿನ ದಾರಿಗಳು ನಮ್ಮವುಗಳಂತಿಲ್ಲ.

ಔಷಧದ ಚೀಟಿಗಿಂತ ದೊಡ್ಡದಾಗಿ ವೈದ್ಯೆ ಬರೆದುಕೊಟ್ಟದ್ದು ಉಷ್ಣಾಂಶದ ಅಂಕೆಗಳನ್ನು. ಬೆಚ್ಚಗಿನ ಬದಿಯ ನೆಲ 32ರಿಂದ 34 ಡಿಗ್ರಿ, ತಂಪು ಬದಿ 24ರಿಂದ 26 ಡಿಗ್ರಿ, ರಾತ್ರಿಯಲ್ಲೂ ತೀರ ಕೆಳಗಿಳಿಯಬಾರದು. ಗಾಯಗೊಂಡ ಗೆಕ್ಕೊದ ಆರೈಕೆಯಲ್ಲಿ ಮನೆಯವರು ಮಾಡಬಹುದಾದ ಅತಿ ದೊಡ್ಡ ಕೆಲಸ ಇದೇ ಎಂದು ಈಗ ನಾನು ಯಾರು ಕೇಳಿದರೂ ಹೇಳುತ್ತೇನೆ. ಜೀರ್ಣಕ್ರಿಯೆ, ಗಾಯ ಕೂಡುವುದು, ಸೋಂಕಿನ ವಿರುದ್ಧ ದೇಹ ಹೋರಾಡುವುದು, ಕೊಟ್ಟ ಔಷಧ ಕೆಲಸ ಮಾಡುವುದು, ಎಲ್ಲವೂ ಮೈಯ ಬಿಸಿಯನ್ನೇ ಅವಲಂಬಿಸಿವೆ. 1970ರ ದಶಕದ ನಡುವಿನಲ್ಲಿ ಅಮೆರಿಕದ ವಿಜ್ಞಾನಿ ಮ್ಯಾಥ್ಯೂ ಕ್ಲೂಗರ್ ಮತ್ತು ಅವರ ಸಂಗಡಿಗರು ಮರುಭೂಮಿಯ ಇಗ್ವಾನಾ ಎಂಬ ಹಲ್ಲಿಗಳ ಮೇಲೆ ಮಾಡಿದ ಪ್ರಯೋಗಗಳು ಪ್ರಸಿದ್ಧವಾಗಿವೆ. ಬ್ಯಾಕ್ಟೀರಿಯಾ ಸೋಂಕು ತಗುಲಿದ ಇಗ್ವಾನಾಗಳು ತಾವಾಗಿಯೇ ಹೆಚ್ಚು ಬಿಸಿಯಿರುವ ಜಾಗಕ್ಕೆ ಸರಿದು ಕುಳಿತು ಮೈಬಿಸಿಯನ್ನು ಏರಿಸಿಕೊಂಡವು. ಹೆಚ್ಚಿನ ಬಿಸಿಯಲ್ಲಿ ಇಟ್ಟವು ಹೆಚ್ಚಾಗಿ ಬದುಕಿದವು, ತಂಪಿನಲ್ಲಿ ಇಟ್ಟವು ಹೆಚ್ಚಾಗಿ ಸತ್ತವು. ನಮಗೆ ಜ್ವರ ತಾನಾಗಿ ಬರುತ್ತದೆ. ಈ ಪ್ರಾಣಿಗಳು ಅದನ್ನು ಜಾಗ ಹುಡುಕಿ ತಂದುಕೊಳ್ಳಬೇಕು. ಹುಡುಕಿದಾಗ ಅಂಥ ಜಾಗ ಸಿಗುವಂತೆ ಮಾಡುವುದು ಸಾಕುವವರ ಹೊಣೆ.

ಹಾಗೆಂದು ಇಡೀ ಪೆಟ್ಟಿಗೆಯನ್ನು ಕಾಯಿಸಬಾರದು. ಬಿಸಿ ಸಾಕೆನಿಸಿದಾಗ ಸರಿದು ಹೋಗಲು ತಂಪು ಬದಿ ಇರಲೇಬೇಕು. ನಾವು ಸುಮಾರು ನಲವತ್ತು ಲೀಟರ್ ಅಳತೆಯ ಸಣ್ಣ ಗಾಜಿನ ತೊಟ್ಟಿಯನ್ನು ಆಸ್ಪತ್ರೆಯ ಕೋಣೆಯಾಗಿ ಮಾಡಿಕೊಂಡೆವು. ಕೆಳಗೆ ಒಂದು ಬದಿಗೆ ಮಾತ್ರ ಬಿಸಿ ಮಾಡುವ ಹಾಳೆ, ಅದರ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್, ಒಳಗೆ ಎರಡೂ ಬದಿಗೆ ಒಂದೊಂದು ಗೂಡು. ಥರ್ಮೋಸ್ಟಾಟ್ ಇಲ್ಲದೆ ಬಿಸಿಹಾಳೆಯನ್ನಾಗಲಿ ಬಿಸಿಯಾಗುವ ಕೃತಕ ಕಲ್ಲನ್ನಾಗಲಿ ಬಳಸಿ ಹೊಟ್ಟೆ ಸುಟ್ಟುಕೊಂಡ ಗೆಕ್ಕೊಗಳ ಚಿತ್ರಗಳನ್ನು ವೈದ್ಯೆ ತೋರಿಸಿದ್ದರು. ಇವು ಕೆಳಗಿನ ಬಿಸಿ ಮಿತಿ ಮೀರಿದರೂ ಬೇಗ ಎದ್ದು ಹೋಗುವುದಿಲ್ಲ. ಗಾಯಗೊಂಡು ಸುಸ್ತಾಗಿರುವಾಗ ಅಂತೂ ಇನ್ನೂ ನಿಧಾನ. ನೆಲದ ಬಿಸಿಯನ್ನು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಬೆಳಿಗ್ಗೆ ಸಂಜೆ ಹಿಡಿದು ನೋಡುವುದು ನಮ್ಮ ಮನೆಯ ದಿನಚರಿಯಾಯಿತು.

ಹಾಸಿಗೆಯ ವಿಷಯದಲ್ಲಿ ಎರಡು ಮಾತಿಲ್ಲ. ಮರಳು, ತೆಂಗಿನ ನಾರಿನ ಪುಡಿ, ಮಣ್ಣು ಇವೆಲ್ಲ ತೆರೆದ ಗಾಯಕ್ಕೆ ಅಂಟಿಕೊಳ್ಳುತ್ತವೆ. ಬಿಳಿಯ, ಬಣ್ಣ-ಪರಿಮಳ ಇಲ್ಲದ ಪೇಪರ್ ಟವೆಲ್ ಸಾಕು. ರಕ್ತ, ಕೀವು, ಮಲ ಏನು ಬಿದ್ದರೂ ತಕ್ಷಣ ಕಾಣುತ್ತದೆ, ಕೊಳೆಯಾದ ಹಾಳೆಯನ್ನು ಎಳೆದು ಹೊಸದನ್ನು ಹಾಸಬಹುದು. ಮಲದ ಜೊತೆ ಬರುವ ಬಿಳಿಯ ಭಾಗ ಯೂರಿಕ್ ಆಮ್ಲದ್ದು. ಅದು ಗಟ್ಟಿಯಾಗಿ ಹಳದಿಗೆ ತಿರುಗಿದ್ದರೆ ಪ್ರಾಣಿಗೆ ನೀರು ಸಾಲುತ್ತಿಲ್ಲ ಎಂಬ ಸೂಚನೆ. ಮೊದಲ ದಿನಗಳಲ್ಲಿ ಬೆಲ್ಲದ ಮಲದಲ್ಲಿ ಹಾಗೇ ಇತ್ತು, ನೀರಿನ ತಟ್ಟೆಯನ್ನು ಗೂಡಿನ ಬಾಯಿಗೇ ತಂದಿಟ್ಟ ಮೇಲೆ ಸರಿಹೋಯಿತು.

ಪಾದವನ್ನು ತೊಳೆಯುವುದಕ್ಕೆ ಸಲೈನ್ ನೀರು, ಆ ಮೇಲೆ ನೀರು ಬೆರೆಸಿ ತಿಳಿ ಚಹಾದ ಬಣ್ಣಕ್ಕೆ ತಂದ ಪೊವಿಡೋನ್ ಅಯೋಡಿನ್. ಹತ್ತಿಯ ಎಳೆ ಉಗುರಿಗೆ ಸಿಕ್ಕಿಕೊಳ್ಳುವುದರಿಂದ ಗಾಜ್ ಬಟ್ಟೆಯ ತುದಿಯನ್ನು ಒದ್ದೆ ಮಾಡಿ ಒತ್ತುತ್ತಿದ್ದೆವು, ಉಜ್ಜುತ್ತಿರಲಿಲ್ಲ. ಊರಿನಲ್ಲಿರುವ ಅಮ್ಮ ವಿಡಿಯೋ ಕರೆಯಲ್ಲಿ ನೋಡಿ, “ಒಂದು ಚಿಟಿಕೆ ಅರಿಶಿನ ಇಟ್ಟುಬಿಡ್ರೋ, ಬೇಗ ಒಣಗುತ್ತೆ” ಎಂದರು. ವೈದ್ಯೆಯನ್ನು ಕೇಳಿದೆ. ಗಾಯದ ಮೇಲೆ ಯಾವ ಪುಡಿಯೂ ಬೇಡ, ಎಣ್ಣೆಯೂ ಬೇಡ ಎಂದರು. ಪುಡಿ ಗಾಯದಲ್ಲಿ ಕೂತು ಗಟ್ಟಿಯಾಗುತ್ತದೆ, ಅದನ್ನು ಮತ್ತೆ ತೆಗೆಯುವಾಗ ಹೊಸ ಚರ್ಮವೂ ಕಿತ್ತು ಬರುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಇವೂ ಕೂಡುತ್ತಿರುವ ಜೀವಕೋಶಗಳನ್ನೇ ಸುಡುತ್ತವೆ. ಮುಲಾಮನ್ನು ವೈದ್ಯರು ಹೇಳಿದ್ದರೆ ಮಾತ್ರ ಹಚ್ಚಬೇಕು, ಅದರಲ್ಲೂ ಮನುಷ್ಯರಿಗಾಗಿ ನೋವುನಿವಾರಕ ಬೆರೆಸಿ ಮಾಡಿದ ಮುಲಾಮುಗಳು ಈ ಪ್ರಾಣಿಗಳಿಗೆ ವಿಷವಾಗಬಲ್ಲವು.

ಇನ್ನು ಬಾಲದ ವಿಷಯ. ನಮ್ಮ ಊರಿನ ಮನೆಹಲ್ಲಿ ಬಾಗಿಲ ಸಂದಿಗೆ ಸಿಕ್ಕಾಗ ಬಾಲ ಬಿಟ್ಟು ಓಡುವುದನ್ನು ಎಲ್ಲರೂ ನೋಡಿರುತ್ತಾರೆ. ಲೆಪರ್ಡ್ ಗೆಕ್ಕೊದ ಬಾಲವೂ ಹಾಗೆಯೇ ಕಳಚುತ್ತದೆ. ಬಾಲದ ಮೂಳೆಗಳ ಮಧ್ಯದಲ್ಲಿ ಮೊದಲೇ ಸಿದ್ಧವಾಗಿರುವ ಬಿರುಕಿನ ಗೆರೆಗಳಿವೆ. ಸ್ನಾಯುಗಳು ಬಿಗಿದಾಗ ಅಲ್ಲಿಯೇ ತುಂಡಾಗುತ್ತದೆ, ಒಳಗಿನ ರಕ್ತನಾಳದ ಬಾಯಿ ಕೂಡಲೇ ಮುಚ್ಚಿಕೊಳ್ಳುವುದರಿಂದ ರಕ್ತ ಬಹಳ ಕಡಿಮೆ ಸುರಿಯುತ್ತದೆ. ತುಂಡಾದ ಬಾಲ ಹೇಗೆ ಕುಣಿಯುತ್ತದೆ ಎಂಬುದನ್ನು ವಿಜ್ಞಾನಿಗಳಾದ ತಿಮೊಥಿ ಹೈಯಮ್ ಮತ್ತು ಕ್ಯಾಲ್ಗರಿ ವಿಶ್ವವಿದ್ಯಾಲಯದ ಆಂಥೊನಿ ರಸೆಲ್ ಇದೇ ಜಾತಿಯ ಮೇಲೆ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದರು. ಅದು ಬರೀ ಅತ್ತಿತ್ತ ಹೊರಳುವುದಿಲ್ಲ, ನಡುನಡುವೆ ನೆಲದಿಂದ ಮೇಲಕ್ಕೆ ಚಿಮ್ಮಿ ಪಲ್ಟಿ ಹೊಡೆಯುತ್ತದೆ. ಮಿದುಳಿನ ಸಂಪರ್ಕವೇ ಇಲ್ಲದೆ, ಬಾಲದೊಳಗಿನ ನರಗಳಿಂದಲೇ ಈ ಚಲನೆ ನಡೆಯುತ್ತದೆ. ಕೊಲ್ಲಲು ಬಂದ ಪ್ರಾಣಿಯ ಕಣ್ಣು ಅಲ್ಲಿಗೆ ತಿರುಗಿದಾಗ ಗೆಕ್ಕೊ ತಪ್ಪಿಸಿಕೊಳ್ಳುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ತಪ್ಪಿಸಿಕೊಂಡು ಹೋಗುವುದಕ್ಕೆ ಜಾಗವೇ ಇರುವುದಿಲ್ಲ, ಹಾಗಾಗಿ ಬೆಲ್ಲ ಬಾಲ ಕೊಟ್ಟ ಮೇಲೂ ಪೆಟ್ಟು ತಿಂದಿತ್ತು.

ಕಳೆದುಹೋದದ್ದು ಅಲಂಕಾರದ ಅಂಗವಲ್ಲ. ದಪ್ಪನೆಯ ಆ ಬಾಲವೇ ಇವುಗಳ ಕೊಬ್ಬಿನ ಉಗ್ರಾಣ. ಪಾಕಿಸ್ತಾನ, ಅಫ್ಘಾನಿಸ್ತಾನ ಮತ್ತು ಭಾರತದ ವಾಯವ್ಯ ಅಂಚಿನ ಕಲ್ಲುನೆಲದಲ್ಲಿ ಬಾಳುವ ಈ ಜಾತಿಯನ್ನು 1854ರಲ್ಲಿ ಮೊದಲು ವೈಜ್ಞಾನಿಕವಾಗಿ ವಿವರಿಸಿದವರು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲೈಥ್. ಆ ಒಣ ನಾಡಿನಲ್ಲಿ ಆಹಾರ ಸಿಗದ ತಿಂಗಳುಗಳನ್ನು ಅದು ಬಾಲದ ಕೊಬ್ಬಿನ ಮೇಲೆಯೇ ಕಳೆಯುತ್ತದೆ. ಬಾಲವನ್ನೇ ಕಳೆದುಕೊಂಡದ್ದು ಉಪವಾಸ ಕೂತರೆ ಕರಗಿಸಿಕೊಳ್ಳಲು ಹೆಚ್ಚಿನ ದಾಸ್ತಾನು ಇರುವುದಿಲ್ಲ. ಅದರ ಮೇಲೆ ಹೊಸ ಬಾಲ ಬೆಳೆಸುವ ಖರ್ಚು ಬೇರೆ. ನಡಿಗೆಯೂ ಬದಲಾಗುತ್ತದೆ: ಹಿಂಭಾಗದ ಭಾರ ಒಮ್ಮೆಗೇ ಹೋದಾಗ ಮೈಯ ತೂಕ ಮುಂದಕ್ಕೆ ಸರಿದು, ಕಾಲುಗಳನ್ನು ಇನ್ನಷ್ಟು ಅಗಲಿಸಿ ನಡೆಯಬೇಕಾಗುತ್ತದೆ. ಬೆಲ್ಲ ಮೊದಲ ವಾರ ಹೊಟ್ಟೆಯನ್ನು ನೆಲಕ್ಕೆ ತಾಗಿಸಿಕೊಂಡೇ ಹರಿದಾಡುತ್ತಿತ್ತು. ಅದಕ್ಕಾಗಿ ನೀರಿನ ತಟ್ಟೆಯ ಅಂಚನ್ನೂ ಗೂಡಿನ ಹೊಸಿಲನ್ನೂ ತಗ್ಗಿಸಿ ಕೊಟ್ಟೆವು.

ಗಾಯ ವಾಸಿಯಾದ ರೀತಿಯನ್ನು ನಾನು ದಿನವೂ ಫೋಟೋ ತೆಗೆದು ಇಟ್ಟುಕೊಂಡಿದ್ದೇನೆ. ಮೊದಲು ಕೆಂಪಗೆ ತೇವವಾಗಿದ್ದ ತುದಿಯ ಮೇಲೆ ಕಪ್ಪು ಕಂದಿನ ಗಟ್ಟಿ ಹಕ್ಕಳೆ ಕಟ್ಟಿತು. ಅದನ್ನು ಕೀಳಬೇಕೆಂಬ ಆಸೆ ನೋಡಿದವರಿಗೆಲ್ಲ ಆಗುತ್ತದೆ, ಕೀಳಬಾರದು. ಅದರ ಅಡಿಯಲ್ಲಿ ಹೊಸ ಚರ್ಮದ ಪದರ ಅಂಚುಗಳಿಂದ ನಡುವಿಗೆ ಹರಡುತ್ತಿರುತ್ತದೆ. ಒಂದು ಬೆಳಿಗ್ಗೆ ಹಕ್ಕಳೆ ಹಾಳೆಯ ಮೇಲೆ ತಾನಾಗಿ ಬಿದ್ದಿತ್ತು, ಅದರ ಜಾಗದಲ್ಲಿ ನಯವಾದ, ನಸುಗುಲಾಬಿ ಬಣ್ಣದ, ಹೊಳೆಯುವ ಮೊಂಡು ತುದಿ ಕಂಡಿತು. ಮುಂದಿನ ವಾರಗಳಲ್ಲಿ ಅದು ಮೊನಚಾಗಿ ಉಬ್ಬಿತು, ಆಮೇಲೆ ಬೂದು ಬಣ್ಣ ಹಿಡಿದು ಉದ್ದವಾಗುತ್ತ ಬಂತು. ಹಳೆಯ ಬಾಲದ ಮೇಲಿದ್ದ ಗುಬುಟುಗಳೂ ಉಂಗುರಗಳೂ ಇದರಲ್ಲಿಲ್ಲ, ಸಣ್ಣ ಸಮನಾದ ಹುರುಪೆಗಳಿವೆ. ಒಳಗೂ ಮೂಳೆಯ ಮಣಿಗಳು ಬರುವುದಿಲ್ಲ. ಮೃದ್ವಸ್ಥಿಯ ಒಂದೇ ಕೊಳವೆ ಬೆಳೆಯುತ್ತದೆ. ಬಿರುಕಿನ ಗೆರೆಗಳಿರುವ ಮೂಳೆ ಇಲ್ಲದ ಕಾರಣ ಹೊಸ ಬಾಲದ ಒಳಗೆ ಅದೇ ರೀತಿಯಲ್ಲಿ ಮತ್ತೆ ತುಂಡಾಗುವ ಜಾಗಗಳಿರುವುದಿಲ್ಲ, ಕಳಚಿದರೆ ಬುಡದಲ್ಲಿ ಉಳಿದಿರುವ ಹಳೆಯ ಮೂಳೆಯಲ್ಲಿಯೇ ಕಳಚಬೇಕು.

ನಮ್ಮ ಊರಿನಿಂದ ಬಹಳ ದೂರವಿಲ್ಲದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ವಿಕರಿಯಸ್ ಅವರ ತಂಡ ವರ್ಷಗಳಿಂದ ಈ ಗೆಕ್ಕೊಗಳ ಬಾಲವನ್ನೇ ಅಭ್ಯಾಸ ಮಾಡುತ್ತಿದೆ ಎಂಬುದು ಬೆಲ್ಲ ಬಂದ ಮೇಲೆಯೇ ನನಗೆ ತಿಳಿದದ್ದು. ಹೊಸ ಬಾಲದೊಳಗೆ ಬೆನ್ನುಹುರಿಯೂ ಮರಳಿ ಬೆಳೆಯುತ್ತದೆ, ಅದಕ್ಕೆ ಕಾರಣ ರೇಡಿಯಲ್ ಗ್ಲಿಯಾ ಎಂಬ ಜೀವಕೋಶಗಳು ಎಂದು ಅವರು 2017ರಲ್ಲಿ ತೋರಿಸಿದರು. ಮನುಷ್ಯರ ಬೆನ್ನುಹುರಿಗೆ ಪೆಟ್ಟಾದರೆ ಅಲ್ಲಿ ಕಲೆಯ ಅಂಗಾಂಶ ತುಂಬಿಕೊಂಡು ದಾರಿ ಮುಚ್ಚಿಹೋಗುತ್ತದೆ. ಈ ಪ್ರಾಣಿಯಲ್ಲಿ ಕಲೆ ಉಳಿಯದೆಯೇ ಗಾಯ ಕೂಡುತ್ತದೆ. ವಿಜ್ಞಾನಿಗಳು ವರ್ಷಗಟ್ಟಲೆ ಹಿಂಬಾಲಿಸುತ್ತಿರುವ ಒಂದು ಕ್ರಿಯೆ ನಮ್ಮ ಊಟದ ಕೋಣೆಯ ಮೂಲೆಯಲ್ಲಿ, ಪೇಪರ್ ಟವೆಲಿನ ಮೇಲೆ, ದಿನದಿನಕ್ಕೂ ನಡೆಯುತ್ತಿದೆ ಎಂಬ ಅರಿವು ನನ್ನ ಮಗಳಿಗೆ ಕೊಟ್ಟ ಉತ್ಸಾಹ ಅಷ್ಟಿಷ್ಟಲ್ಲ.

ತಿನ್ನಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ದವಡೆಯ ನೋವಿನಿಂದ ಬೆಲ್ಲ ಗಟ್ಟಿ ಮೈಯ ಮೀಲ್‌ವರ್ಮ್ ಹುಳುಗಳನ್ನು ಕಚ್ಚಿ ಬಿಟ್ಟುಬಿಡುತ್ತಿತ್ತು. ಚಿಮ್ಮಂಡೆಗಳನ್ನು ವೈದ್ಯೆ ಬೇಡವೆಂದಿದ್ದರು. ತಿನ್ನದೆ ಉಳಿದ ಚಿಮ್ಮಂಡೆ ರಾತ್ರಿ ಗೆಕ್ಕೊದ ಗಾಯವನ್ನೇ ಕಡಿಯುತ್ತದೆ. ಮಾಂಸಾಹಾರಿ ಪ್ರಾಣಿಗಳಿಗೆಂದೇ ಬರುವ ಪುಡಿಯನ್ನು ನೀರಿನಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಿಂದ ಮೂತಿಯ ತುದಿಗೆ ಒಂದು ಹನಿ ಹಚ್ಚಿದರೆ ನಾಲಿಗೆ ಹೊರಬಂದು ನೆಕ್ಕುತ್ತಿತ್ತು. ಹನಿ ಮುಗಿಯುವವರೆಗೆ ಕಾಯುವುದು, ಮತ್ತೊಂದು ಹನಿ ಹಚ್ಚುವುದು. ಬಾಯಿಯನ್ನು ಬಲವಂತವಾಗಿ ತೆರೆಯಬಾರದು, ದವಡೆಗೆ ಪೆಟ್ಟಾದದ್ದಕ್ಕಂತೂ ಕೂಡದು. ಆಮೇಲೆ ವೈದ್ಯೆ ಸೂಚಿಸಿದ ಆಹಾರವೇ ರೇಷ್ಮೆ ಹುಳು: ಮೈ ಮೆತ್ತಗೆ, ಕೊಬ್ಬು ಕಡಿಮೆ, ನೀರಿನ ಅಂಶ ಜಾಸ್ತಿ, ನಿಧಾನವಾಗಿ ತೆವಳುವುದರಿಂದ ಕಾಲು ನೋಯುವ ಗೆಕ್ಕೊಗೂ ಸುಲಭವಾಗಿ ಸಿಗುತ್ತದೆ. ಇಲ್ಲಿ ಸರೀಸೃಪಗಳ ಆಹಾರ ಮಾರುವವರು ಅದನ್ನು ಸಣ್ಣ ಡಬ್ಬಿಗಳಲ್ಲಿ, ಹಿಪ್ಪುನೇರಳೆ ಎಲೆಯ ಪುಡಿಯಿಂದ ಮಾಡಿದ ಮುದ್ದೆಯ ಜೊತೆ ಕೊಡುತ್ತಾರೆ.

ಅಮ್ಮನ ತವರು ಶಿಡ್ಲಘಟ್ಟದ ಕಡೆ. ಅವರ ಮನೆಯಲ್ಲಿ ತಲೆಮಾರಿನಿಂದ ಹುಳು ಸಾಕಿದ್ದಾರೆ. ಡಬ್ಬಿಯನ್ನು ಫೋನಿಗೆ ಹಿಡಿದು ತೋರಿಸಿದಾಗ, ನಮಗೆ ಸತ್ತಂತೆ ಕಂಡಿದ್ದ ಹುಳುಗಳನ್ನು ನೋಡಿ ಅವರು, “ಏನೂ ಆಗಿಲ್ಲ ಕಣೋ, ಜ್ವರಕ್ಕೆ ಕೂತವೆ. ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದಾವೆ ನೋಡು. ಮುಟ್ಟಬೇಡ, ಸೊಪ್ಪೂ ಹಾಕಬೇಡ, ಏಳಲಿ” ಎಂದರು. ಹುಳು ಪೊರೆ ಬಿಡುವುದನ್ನೇ ಅವರ ಊರಿನಲ್ಲಿ ಜ್ವರ ಎನ್ನುತ್ತಾರೆ, ಆಗ ಅದನ್ನು ಹಾಗೆ ನೋಡಿಕೊಳ್ಳುತ್ತಾರೆ. ಎರಡನೇ ಜ್ವರ ಎದ್ದ ಹುಳು ಬೆಲ್ಲದ ಬಾಯಿಗೆ ಸರಿಯಾದ ಗಾತ್ರದ್ದು. ಗೆಕ್ಕೊದ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪವಾದ ಹುಳುವನ್ನು ಕೊಡಬಾರದೆಂಬುದು ಸಾಕುವವರ ಲೆಕ್ಕ. ತಟ್ಟೆ ಒದ್ದೆಯಾಗಿರಬಾರದು, ಕೈ ತೊಳೆಯದೆ ಹುಳು ಮುಟ್ಟಬಾರದು, ಒಂದು ಸತ್ತರೆ ಆ ಕ್ಷಣವೇ ತೆಗೆದುಹಾಕಬೇಕು, ಹೊಸ ಹುಳುವನ್ನು ಹಳೆಯದರ ಜೊತೆ ಬೆರೆಸಬಾರದು ಎಂದು ಅಮ್ಮ ಒಂದೊಂದಾಗಿ ಹೇಳಿದ ಮಾತುಗಳನ್ನು ಮಗಳು ಬರೆದುಕೊಂಡಳು. ಊರಿನಲ್ಲಿ ಜ್ವರದ ಸಮಯದಲ್ಲಿ ತಟ್ಟೆಗೆ ಉದುರಿಸುವ ಸುಣ್ಣದ ಪುಡಿಯೊಂದನ್ನು ಮಾತ್ರ ನಾವು ಬಿಟ್ಟೆವು, ಈ ಹುಳುಗಳು ಸೇರಬೇಕಾದದ್ದು ಒಂದು ಪ್ರಾಣಿಯ ಹೊಟ್ಟೆಗೆ.

ಹುಳುಮನೆಗೆ ಹಲ್ಲಿ ನುಗ್ಗದಂತೆ ಕಿಟಕಿಗೆ ಬಲೆ ಕಟ್ಟಿ ಕಾದ ಮನೆಯ ಮಗಳು ಅಮ್ಮ. ಹಲ್ಲಿಗಾಗಿ ಹುಳು ಸಾಕುವುದನ್ನು ಅವರು ಹೇಗೆ ತೆಗೆದುಕೊಳ್ಳುತ್ತಾರೋ ಎಂಬ ಅಳುಕು ನನಗಿತ್ತು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವೂ ಗೂಡನ್ನ ಬಿಸಿನೀರಿಗೆ ಹಾಕೋರಿಗೇ ಮಾರ್ತಿದ್ವಲ್ಲಪ್ಪ. ಅದು ತಿನ್ನೋದು ಅದನ್ನೇ, ಹಸಿದಿರೋದಕ್ಕೆ ಹಾಕು” ಎಂದರು. ಸಾಕಲು ಒಪ್ಪಿಕೊಂಡ ಮೇಲೆ ಅದರ ಆಹಾರವನ್ನು ನಮ್ಮ ಪದ್ಧತಿಗೆ ಬಗ್ಗಿಸಲಾಗದು, ತರಕಾರಿಯನ್ನು ಅರಗಿಸಿಕೊಳ್ಳುವ ಹೊಟ್ಟೆ ಈ ಜಾತಿಗಿಲ್ಲ. ಕೀಟಗಳನ್ನು ಹಾಕಲು ಮನಸ್ಸಿಲ್ಲದ ಮನೆಯವರು ಲೆಪರ್ಡ್ ಗೆಕ್ಕೊವನ್ನು ಸಾಕದಿರುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡುವುದು, ಅದರ ಜೊತೆ ವಿಟಮಿನ್ ಡಿ3 ಎಷ್ಟು ಬೇಕೆಂಬುದನ್ನು ವೈದ್ಯರಿಂದ ಕೇಳಿ ತಿಳಿಯುವುದು ಎಲ್ಲ ಗೆಕ್ಕೊಗಳಿಗೂ ಬೇಕಾದ ಕ್ರಮ. ತೂಕವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ, ಸಣ್ಣ ಡಬ್ಬಿಯೊಳಗೆ ಕೂರಿಸಿ, ವಾರಕ್ಕೊಮ್ಮೆ ನೋಡಿದೆವು. ಬಂದಾಗ 46 ಗ್ರಾಂ ಇದ್ದದ್ದು ಮೊದಲು 44ಕ್ಕೆ ಇಳಿಯಿತು, ರೇಷ್ಮೆ ಹುಳು ಶುರುವಾದ ಮೇಲೆ ಏರತೊಡಗಿತು. ಮೆತ್ತಗೆ ಸಿಹಿಯಾಗಿರುವ ವ್ಯಾಕ್ಸ್‌ವರ್ಮ್ ಕೊಟ್ಟು ಬೇಗ ದಪ್ಪ ಮಾಡುವ ಸಲಹೆಯನ್ನೂ ಕೆಲವರು ಕೊಟ್ಟರು. ಅದರಲ್ಲಿ ಕೊಬ್ಬು ಬಹಳ, ರುಚಿ ಹತ್ತಿದರೆ ಬೇರೇನನ್ನೂ ಮುಟ್ಟದ ಗೆಕ್ಕೊಗಳಿವೆ. ಅಪರೂಪಕ್ಕೊಂದು ಸಾಕು.

ಬೇಟೆಗೆ ಮುಂಚೆ ಲೆಪರ್ಡ್ ಗೆಕ್ಕೊ ಬಾಲವನ್ನು ಮೇಲೆತ್ತಿ ನಿಧಾನವಾಗಿ ಅತ್ತಿತ್ತ ಆಡಿಸುತ್ತದೆ. ಬೆಲ್ಲಕ್ಕೆ ಹಸಿವು ಮರಳಿದ್ದು ನಮಗೆ ತಿಳಿದದ್ದು ಹೀಗೆ: ತಟ್ಟೆಯಲ್ಲಿ ತೆವಳುತ್ತಿದ್ದ ಹುಳುವಿನ ಮೇಲೆ ಕಣ್ಣು ನೆಟ್ಟು, ತಲೆ ತಗ್ಗಿಸಿ, ಬೆರಳಿನ ಅಗಲದಷ್ಟೂ ಇಲ್ಲದ ಮೊಂಡನ್ನು ಎತ್ತಿ ಎಡಕ್ಕೆ ಬಲಕ್ಕೆ ಆಡಿಸಿತು, ಆಮೇಲೆ ಹಾರಿ ಹಿಡಿಯಿತು.

ಕಾಲ್ಬೆರಳಿನ ಕಥೆ ಬಾಲದಷ್ಟು ಸುಖವಾಗಿ ಮುಗಿಯಲಿಲ್ಲ. ಊತ ಇಳಿಯುವ ಹೊತ್ತಿಗೆ ಪೊರೆ ಬಿಡುವ ಸಮಯ ಬಂತು. ಮೈಯೆಲ್ಲ ಬಿಳಿಚಿಕೊಂಡು, ಒಂದೆರಡು ದಿನಗಳಲ್ಲಿ ಹಳೆಯ ಚರ್ಮವನ್ನು ಬಾಯಿಂದ ಎಳೆದು ತಾನೇ ತಿಂದುಬಿಡುವುದು ಇವುಗಳ ರೂಢಿ. ಬೆರಳುಗಳ ಮೇಲಿನ ಚರ್ಮ ಕಳಚದೆ ಉಳಿದರೆ ಅದು ಒಣಗಿ ಉಂಗುರವಾಗಿ ಬಿಗಿದು ರಕ್ತ ಹರಿಯದಂತೆ ಮಾಡುತ್ತದೆ. ಇದಕ್ಕಾಗಿಯೇ ಒದ್ದೆ ಪಾಚಿ ಹಾಸಿದ, ಮುಚ್ಚಳದಲ್ಲಿ ತೂತಿರುವ ಡಬ್ಬಿಯೊಂದನ್ನು ತೇವದ ಗೂಡಾಗಿ ಇಡಬೇಕು. ಗಾಯ ತೆರೆದಿರುವಷ್ಟು ಕಾಲ ಪಾಚಿಯ ಬದಲು ದಿನವೂ ಬದಲಿಸುವ ಒದ್ದೆ ಪೇಪರ್ ಟವೆಲ್ ಇಟ್ಟೆವು. ಉಳಿದ ಬೆರಳುಗಳೆಲ್ಲ ಶುಚಿಯಾಗಿ ಹೊರಬಂದವು. ಕಚ್ಚಿಸಿಕೊಂಡ ಒಂದು ಬೆರಳು ಮಾತ್ರ ಮೊದಲೇ ಜೀವ ಕಳೆದುಕೊಂಡಿತ್ತು, ಕಪ್ಪಾಗಿ ಒಣಗಿ ಮುಂದಿನ ಪೊರೆಯ ಜೊತೆ ಉದುರಿತು. ಸೋಂಕು ಮೇಲಕ್ಕೆ ಏರಿಲ್ಲ, ಶಸ್ತ್ರಚಿಕಿತ್ಸೆ ಬೇಡ ಎಂದು ವೈದ್ಯೆ ಹೇಳಿದರು. ಇಡೀ ಬಾಲವನ್ನು ಬೆನ್ನುಹುರಿ ಸಮೇತ ಮರಳಿ ಕಟ್ಟಿಕೊಳ್ಳುವ ಈ ದೇಹ ಕಳೆದುಹೋದ ಒಂದು ಬೆರಳನ್ನು ಬೆಳೆಸಿಕೊಳ್ಳಲಾರದು. ಮನೆಹಲ್ಲಿಯ ಹಾಗೆ ಗೋಡೆ ಹತ್ತುವ ಅಂಟುಪಾದ ಇವುಗಳಿಗಿಲ್ಲ, ಉಗುರಿನ ಬಲದಿಂದ ಕಲ್ಲು ಹತ್ತುವ, ನೆಲ ಕೆರೆಯುವ ಪ್ರಾಣಿ ಇದು. ನಾಲ್ಕು ಬೆರಳುಗಳ ಪಾದದಿಂದಲೂ ಬೆಲ್ಲ ಚೆನ್ನಾಗಿ ಕೆರೆಯುತ್ತದೆ.

ಈ ಎಲ್ಲ ವಾರಗಳಲ್ಲಿ ಮಗಳಿಗೆ ಕಷ್ಟವಾದದ್ದು ಅದನ್ನು ಎತ್ತಿಕೊಳ್ಳದೆ ಇರುವುದು. ಔಷಧ, ತೂಕ, ಗಾಯ ತೊಳೆಯುವುದು, ಇವುಗಳಿಗಲ್ಲದೆ ಬೇರೆ ಕಾರಣಕ್ಕೆ ಮುಟ್ಟುವಂತಿರಲಿಲ್ಲ. ಪ್ರೀತಿಯಿಂದ ಎತ್ತಿದ ಕೈಯೂ ಅದಕ್ಕೆ ಮೇಲಿನಿಂದ ಬರುವ ಶತ್ರುವೇ. ಹೆದರಿದ ಪ್ರಾಣಿ ಉಣ್ಣುವುದಿಲ್ಲ. ತೊಟ್ಟಿಯ ಮೂರು ಬದಿಗೆ ಕಂದು ಕಾಗದ ಅಂಟಿಸಿದೆವು, ಟಿ.ವಿ.ಯನ್ನು ಬೇರೆ ಕೋಣೆಗೆ ಸಾಗಿಸಿದೆವು. ಅವಳು ಅದರ ಬದಲು ಒಂದು ನೋಟ್‌ಬುಕ್ ಇಟ್ಟು ತಿಂದದ್ದು, ವಿಸರ್ಜಿಸಿದ್ದು, ಯಾವ ಗೂಡಿನಲ್ಲಿ ಮಲಗಿತು, ಎರಡು ಬದಿಯ ಉಷ್ಣಾಂಶ ಎಷ್ಟು ಎಂಬುದನ್ನು ಬರೆಯತೊಡಗಿದಳು. ಆಂಟಿಬಯಾಟಿಕ್ ನಿಲ್ಲಿಸಬಹುದೇ ಎಂದು ವೈದ್ಯೆ ನಿರ್ಧರಿಸುವಾಗ ಆ ಪುಟಗಳನ್ನೇ ತಿರುವಿ ನೋಡಿದರು. ಮುಟ್ಟಿದ ಪ್ರತಿ ಸಲವೂ ಸೋಪು ಹಾಕಿ ಕೈ ತೊಳೆಯುವುದು ಮನೆಯ ನಿಯಮ, ಆರೋಗ್ಯವಾಗಿ ಕಾಣುವ ಸರೀಸೃಪಗಳೂ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಹೊತ್ತಿರಬಹುದು. ಅದರ ತಟ್ಟೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುವುದಿಲ್ಲ, ತೂಕದ ಡಬ್ಬಿ ಕೂಡ ಅದಕ್ಕೇ ಮೀಸಲು.

ಈಗ ಬೆಲ್ಲ 58 ಗ್ರಾಂ ತೂಗುತ್ತದೆ. ಹೊಸ ಬಾಲ ಹಳೆಯದಕ್ಕಿಂತ ಗಿಡ್ಡ, ಬುಡದಲ್ಲಿ ಉರುಟಾಗಿ ಉಬ್ಬಿ ತುದಿಯಲ್ಲಿ ಒಮ್ಮೆಗೇ ಸಣ್ಣದಾಗುತ್ತದೆ, ಕೊಬ್ಬು ತುಂಬಿಕೊಳ್ಳತೊಡಗಿದೆ. ದವಡೆಯ ಗುರುತುಗಳನ್ನು ಹುಡುಕಿದರೂ ಕಾಣುವುದಿಲ್ಲ. ವೈದ್ಯೆಯ ಒಪ್ಪಿಗೆಯ ಮೇಲೆ ದೊಡ್ಡ ಪೆಟ್ಟಿಗೆಗೆ, ಗಟ್ಟಿಯಾಗಿ ಒತ್ತಿದ ಮಣ್ಣು ಮತ್ತು ಚಪ್ಪಟೆ ಕಲ್ಲುಗಳ ನೆಲಕ್ಕೆ ಸಾಗಿಸಿದ್ದೇವೆ, ಸಣ್ಣ ಪ್ರಮಾಣದ ಯು.ವಿ. ದೀಪವನ್ನೂ ಹಾಕಿದ್ದೇವೆ. ಸಣ್ಣ ತೊಟ್ಟಿಯನ್ನು ತೊಳೆದು ಒಣಗಿಸಿ, ಬಿಸಿಹಾಳೆ ಮತ್ತು ಥರ್ಮೋಸ್ಟಾಟ್ ಸಮೇತ ಕಪಾಟಿನಲ್ಲಿ ಇಟ್ಟುಕೊಂಡಿದ್ದೇವೆ, ಮತ್ತೆ ಯಾವಾಗ ಬೇಕಾದರೂ ಅದೇ ದಿನ ಸಿದ್ಧ ಮಾಡಬಹುದು. ಪ್ರತಿ ಸಲ ಪೊರೆ ಬಿಟ್ಟ ಮರುದಿನ ಬಲಗಾಲಿನ ನಾಲ್ಕು ಬೆರಳುಗಳನ್ನೂ ಮೊಂಡು ಬೆರಳಿನ ಬುಡವನ್ನೂ ಭೂತಗನ್ನಡಿಯಲ್ಲಿ ನೋಡುವ ಕೆಲಸ ಮಗಳದು. ಹಳೆಯ ಚರ್ಮ ಉಳಿದಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಪಾದವನ್ನು ನೆನೆಸಿ, ಒದ್ದೆ ಬಟ್ಟೆಯ ತುದಿಯಿಂದ ಉಗುರಿನ ಕಡೆಗೆ ಮೆಲ್ಲಗೆ ಸರಿಸಿ ತೆಗೆಯುತ್ತಾಳೆ. ಮುಂದಿನ ಪೊರೆಗೆ ಇನ್ನೂ ಕೆಲವು ದಿನಗಳಿವೆ, ತೇವದ ಗೂಡಿನ ಪಾಚಿಯನ್ನು ಈ ವಾರ ಬದಲಿಸಬೇಕು.